ಆಕಳಿಕೆಯ ವಿಜೃಂಭಣೆ

ಸಂಘದ ಪತ್ರಿಕೆಗೆ ವೈದ್ಯರೊಬ್ಬರು ಬರೆಯುತ್ತಾರೆ ಎಂದೊಡನೆ ಓದುಗರು ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಂಬ ತ್ರಿಮೂರ್ತಿಗಳ ದರ್ಶನಕ್ಕೆ ಸಿದ್ಧರಾಗಿಬಿಡುತ್ತಾರೆ. ಈ ಸಲ ಆ ಮೂವರಿಗೂ ರಜೆ ಕೊಟ್ಟಿದ್ದೇನೆ. ಮಾತ್ರೆ ಬೇಡದ, ವಿಮೆ ಕೇಳದ, ಬಡವ ಬಲ್ಲಿದರೆಂಬ ಭೇದವೆಣಿಸದ, ದಿನಕ್ಕೆ ಹಲವು ಬಾರಿ ಬಿಟ್ಟಿಯಾಗಿ ಒದಗಿಬರುವ ಒಂದು ಪುಟ್ಟ ಸುಖದ ಗುಣಗಾನ ಮಾಡಲು ಹೊರಟಿದ್ದೇನೆ. ಅದರ ಹೆಸರು ಆಕಳಿಕೆ.

ಮೊದಲೇ ಒಂದು ಎಚ್ಚರಿಕೆ. ಆಕಳಿಕೆಯನ್ನು ನೋಡಿದರೆ ಆಕಳಿಕೆ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಅದರ ಸದ್ದು ಕೇಳಿದರೂ, ಅದರ ಬಗ್ಗೆ ಓದಿದರೂ, ಸುಮ್ಮನೆ ನೆನೆದರೂ ಬರುತ್ತದೆಂಬುದನ್ನು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಎಂಬತ್ತರ ದಶಕದಲ್ಲಿ ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಆದ್ದರಿಂದ ಈ ಲೇಖನವನ್ನು ಓದುತ್ತಾ ನಿಮ್ಮ ಬಾಯಿ ತಾನಾಗಿಯೇ ತೆರೆದುಕೊಂಡರೆ ಬರಹ ನೀರಸವಾಗಿದೆಯೆಂದು ನೀವೂ ಹೇಳಬೇಡಿ, ನಾನೂ ನೊಂದುಕೊಳ್ಳುವುದಿಲ್ಲ. ಲೇಖಕಿಯೊಬ್ಬಳು ಓದುಗರ ಆಕಳಿಕೆಯನ್ನು ಪ್ರಶಂಸೆಯೆಂದು ಸ್ವೀಕರಿಸಬಹುದಾದ ಏಕೈಕ ಸಂದರ್ಭ ಇದು. ಇದನ್ನು ನಾನು ಬಿಟ್ಟುಕೊಡಲಾರೆ.

ಹೆಸರಿನಿಂದಲೇ ಆರಂಭಿಸೋಣ. ಇಲ್ಲಿ ಇಂಗ್ಲೆಂಡಿನಲ್ಲೇ ಹುಟ್ಟಿ, ಶನಿವಾರದ ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿಯುತ್ತಿರುವ ನನ್ನ ಮಗಳು ಒಮ್ಮೆ, “ಅಮ್ಮಾ, ಆಕಳಿಕೆ ಅಂದರೆ ಆಕಳು ಮಾಡುವ ಕೆಲಸವಾ?” ಎಂದು ಕೇಳಿದಳು. ನಕ್ಕುಬಿಟ್ಟೆ. ಆದರೆ ಆಮೇಲೆ ಹೊಳೆದದ್ದು ಬೇರೆ. ನೆರೆಯ ತೆಲುಗಿನಲ್ಲಿ ಹಸುವಿಗೆ ‘ಆವು’ ಎನ್ನುತ್ತಾರೆ, ಆಕಳಿಕೆಗೆ ‘ಆವುಲಿಂತ’ ಎನ್ನುತ್ತಾರೆ. ಎರಡು ಭಾಷೆಗಳಲ್ಲೂ ಹಸುವಿನ ಪಕ್ಕದಲ್ಲೇ ಆಕಳಿಕೆ ಬಂದು ಮಲಗಿದೆ! ಇವೆರಡಕ್ಕೂ ನಂಟು ಕಲ್ಪಿಸುವ ಹೊಣೆಯನ್ನು ಭಾಷಾಶಾಸ್ತ್ರಜ್ಞರಿಗೇ ಬಿಡುತ್ತೇನೆ. ಹಸುವೂ ಆಕಳಿಸುತ್ತದೆ ಎಂಬ ಅರ್ಧ ಉತ್ತರವನ್ನು ಮಾತ್ರ ಮಗಳಿಗೆ ಧೈರ್ಯವಾಗಿ ಹೇಳಿದೆ.

ಸಂಸ್ಕೃತದಲ್ಲಿ ಆಕಳಿಕೆಗೆ ಜೃಂಭಣ, ಜೃಂಭಾ, ಜೃಂಭಿಕಾ ಎಂಬ ಗಂಭೀರವಾದ ಹೆಸರುಗಳಿವೆ. ಬಾಯಿ ಬಿಡುವುದು, ಅರಳುವುದು, ಹರಡಿಕೊಳ್ಳುವುದು ಎಂಬ ಅರ್ಥದ ಧಾತುವಿನಿಂದ ಬಂದ ಪದಗಳಿವು. ಅದೇ ಧಾತುವಿಗೆ ‘ವಿ’ ಸೇರಿದರೆ ನಮ್ಮ ಎಲ್ಲ ವರದಿಗಾರರ ಅಚ್ಚುಮೆಚ್ಚಿನ ‘ವಿಜೃಂಭಣೆ’. ಸಂಘದ ಯಾವ ವಾರ್ಷಿಕ ವರದಿಯನ್ನಾದರೂ ತೆರೆದು ನೋಡಿ: ಯುಗಾದಿ ವಿಜೃಂಭಣೆಯಿಂದ ನಡೆದಿರುತ್ತದೆ, ರಾಜ್ಯೋತ್ಸವವೂ ವಿಜೃಂಭಣೆಯಿಂದಲೇ ನಡೆದಿರುತ್ತದೆ. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಅಧ್ಯಕ್ಷೀಯ ಭಾಷಣಗಳು ಮುಗಿದು ಬಿಸಿಬೇಳೆಬಾತಿನ ಪರಿಮಳ ತೇಲಿಬರುವ ಹೊತ್ತಿಗೆ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಕುಳಿತವರನ್ನು ಗಮನಿಸಿದರೆ, ವರದಿಗಾರರು ಪದದ ಮೂಲಾರ್ಥಕ್ಕೆ ಅಪಚಾರವೆಸಗಿಲ್ಲವೆಂದು ತಿಳಿಯುತ್ತದೆ.

ನಮ್ಮ ಪುರಾಣಗಳಂತೂ ಆಕಳಿಕೆಗೆ ಕೊಟ್ಟ ಗೌರವ ಅಸಾಧಾರಣವಾದುದು. ಮಹಾಭಾರತದ ಉದ್ಯೋಗಪರ್ವದಲ್ಲಿ ವೃತ್ರಾಸುರನು ಇಂದ್ರನನ್ನೇ ನುಂಗಿಬಿಡುತ್ತಾನೆ. ದಿಕ್ಕುಗೆಟ್ಟ ದೇವತೆಗಳು ಹೊಸ ಆಯುಧವನ್ನೇನೂ ತಯಾರಿಸಲಿಲ್ಲ, ಜೃಂಭಿಕೆಯನ್ನು ಸೃಷ್ಟಿಸಿದರು. ವೃತ್ರನು ಬಾಯ್ದೆರೆದು ಆಕಳಿಸಿದ. ಇಂದ್ರನು ಮೈಯನ್ನು ಕುಗ್ಗಿಸಿಕೊಂಡು ಹೊರಬಂದ. ಅಂದಿನಿಂದ ಆಕಳಿಕೆ ಪ್ರಾಣಿಗಳ ಉಸಿರನ್ನು ಆಶ್ರಯಿಸಿ ಲೋಕದಲ್ಲಿ ಉಳಿದುಕೊಂಡಿತಂತೆ. ಅಂದರೆ ಮುಂದಿನ ಸಲ ಸಭೆಯಲ್ಲಿ ಯಾರಾದರೂ ನಿಮ್ಮನ್ನು ದುರುಗುಟ್ಟಿ ನೋಡಿದರೆ, ಇದು ದೇವೇಂದ್ರನ ಪ್ರಾಣ ಉಳಿಸಿದ ವಿದ್ಯೆ ಎಂದು ಹೇಳಿಬಿಡಬಹುದು. ಭಾಗವತದಲ್ಲಿ ಬಾಣಾಸುರನ ಪರವಾಗಿ ಯುದ್ಧಕ್ಕೆ ನಿಂತ ಸಾಕ್ಷಾತ್ ಶಿವನ ಮೇಲೆ ಕೃಷ್ಣನು ಪ್ರಯೋಗಿಸುವುದು ಜೃಂಭಣಾಸ್ತ್ರವನ್ನು. ತ್ರಿನೇತ್ರನು ಆಕಳಿಸುತ್ತಾ ಮೋಹಗೊಂಡು ನಿಂತುಬಿಡುತ್ತಾನೆ. ರಕ್ತ ಹರಿಸದೆ ಎದುರಾಳಿಯನ್ನು ಮಂಪರಿಗೆ ತಳ್ಳುವ ಈ ಅಸ್ತ್ರವನ್ನು ನೋಡಿದರೆ, ಅರಿವಳಿಕೆ ತಜ್ಞರು ತಮ್ಮ ಕುಲದೇವರನ್ನು ಎಲ್ಲಿ ಹುಡುಕಬೇಕೆಂಬುದು ಸ್ಪಷ್ಟವಾಗುತ್ತದೆ.

ಇದಕ್ಕಿಂತಲೂ ನನಗೆ ಪ್ರಿಯವಾದುದು ಇನ್ನೊಂದು ಪ್ರಸಂಗ. ಮಣ್ಣು ತಿಂದ ಕೃಷ್ಣನ ಬಾಯಲ್ಲಿ ಯಶೋದೆ ಬ್ರಹ್ಮಾಂಡ ಕಂಡ ಕಥೆಯನ್ನು ಎಲ್ಲರೂ ಕೇಳಿದ್ದೀರಿ. ಆದರೆ ಭಾಗವತದ ಪ್ರಕಾರ ಆಕೆ ಅದನ್ನು ಮೊದಲು ಕಂಡದ್ದು ಮಣ್ಣಿನ ಪ್ರಸಂಗಕ್ಕೂ ಮುನ್ನ, ಕೃಷ್ಣ ಇನ್ನೂ ಮೊಲೆಹಾಲು ಕುಡಿಯುತ್ತಿದ್ದಾಗ. ಹಾಲು ಕುಡಿಸಿ ಮಗುವಿನ ಮುಖವನ್ನು ಮುದ್ದಿಸುತ್ತಿದ್ದಾಗ ಅದು ಆಕಳಿಸಿತು. ತೆರೆದ ಆ ಪುಟ್ಟ ಬಾಯಿಯಲ್ಲಿ ಸೂರ್ಯ ಚಂದ್ರರೂ, ಸಮುದ್ರ ಪರ್ವತಗಳೂ ಕಾಣಿಸಿದವು. ಹಸುಗೂಸು ತನ್ನ ಹಲ್ಲಿಲ್ಲದ ಬಾಯಿಯನ್ನು ಅಷ್ಟಗಲ ಮಾಡಿ ಆಕಳಿಸಿದ್ದನ್ನು ಮಡಿಲಲ್ಲಿಟ್ಟುಕೊಂಡು ನೋಡಿದ ಯಾವ ತಾಯಿಗೂ ಈ ವರ್ಣನೆ ಅತಿಶಯೋಕ್ತಿ ಅನ್ನಿಸಲಾರದು.

ಮಗು ಆಕಳಿಸಲು ಹುಟ್ಟುವವರೆಗೂ ಕಾಯುವುದಿಲ್ಲ ಎಂಬುದು ಇಂದಿನ ವೈದ್ಯರಿಗೆ ಗೊತ್ತು. ಗರ್ಭಕ್ಕೆ ಮೂರು ತಿಂಗಳು ತುಂಬುವ ಹೊತ್ತಿಗೇ ಸ್ಕ್ಯಾನಿಂಗ್ ಪರದೆಯ ಮೇಲೆ ಭ್ರೂಣ ಆಕಳಿಸುವುದು ಕಾಣಿಸುತ್ತದೆ. ಇಲ್ಲಿನ ಡರಮ್ ವಿಶ್ವವಿದ್ಯಾಲಯದ ನಾಡ್ಯಾ ರೈಸ್‌ಲ್ಯಾಂಡ್ ಮತ್ತು ಸಂಗಡಿಗರು 2012ರಲ್ಲಿ 15 ಭ್ರೂಣಗಳನ್ನು 24ನೆಯ ವಾರದಿಂದ 36ನೆಯ ವಾರದವರೆಗೆ ಗಮನಿಸಿ, ಅವು ಸುಮ್ಮನೆ ಬಾಯಿ ತೆರೆಯುವುದು ಬೇರೆ, ಆಕಳಿಸುವುದು ಬೇರೆ ಎಂದು ವಿಂಗಡಿಸಿ ತೋರಿಸಿದರು. ಒಳಗೆ ಗಾಳಿಯಿಲ್ಲ, ಬೇಸರ ಹುಟ್ಟಿಸುವ ಭಾಷಣವಿಲ್ಲ, ರಾತ್ರಿ ಪಾಳಿಯ ಕೆಲಸವಿಲ್ಲ. ಆದರೂ ಆಕಳಿಕೆ ಇದೆ!

ಹಾಗಾದರೆ ಆಕಳಿಕೆ ಏಕೆ ಬರುತ್ತದೆ? ದೇಹದಲ್ಲಿ ಆಮ್ಲಜನಕ ಕಡಿಮೆಯಾದಾಗ ಎಂದು ನಮ್ಮ ಶಾಲೆಯ ಮೇಷ್ಟರು ಹೇಳಿಕೊಟ್ಟಿದ್ದರು. ನಿಮ್ಮ ಮೇಷ್ಟರೂ ಹೇಳಿರಬಹುದು. ಪ್ರೊವೈನ್ 1987ರಲ್ಲಿ ಇದನ್ನೂ ಪರೀಕ್ಷಿಸಿದರು. ಸ್ವಯಂಸೇವಕರಿಗೆ ಶುದ್ಧ ಆಮ್ಲಜನಕ ಕೊಟ್ಟರೂ ಆಕಳಿಕೆ ತಗ್ಗಲಿಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದರೂ ಏರಲಿಲ್ಲ. ನಂತರ ಆಂಡ್ರ್ಯೂ ಗ್ಯಾಲಪ್ ಎಂಬ ಸಂಶೋಧಕರು, ಆಕಳಿಕೆ ಎಂದರೆ ಬಿಸಿಯೇರಿದ ಮಿದುಳನ್ನು ತಂಪುಮಾಡುವ ಉಪಾಯವೆಂಬ ವಾದವನ್ನು ಮುಂದಿಟ್ಟರು: ದವಡೆಯ ಹಿಗ್ಗುವಿಕೆಯಿಂದ ತಲೆಯ ಕಡೆಗೆ ರಕ್ತ ಹರಿದು, ಒಳಕ್ಕೆ ಸೆಳೆದ ಗಾಳಿ ಅದನ್ನು ತಂಪಾಗಿಸುತ್ತದೆಂಬುದು ಅವರ ತರ್ಕ. ಎಲ್ಲರೂ ಇದನ್ನು ಒಪ್ಪಿಲ್ಲ. ನಿದ್ದೆಯಿಂದ ಎಚ್ಚರಕ್ಕೆ, ಎಚ್ಚರದಿಂದ ನಿದ್ದೆಗೆ ದೇಹ ದಾಟುವಾಗ ಬಡಿಯುವ ಗಂಟೆ ಅದು ಎನ್ನುವವರೂ ಇದ್ದಾರೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಅರ್ಧ ಶತಮಾನ ಕಳೆದಿದೆ. ತನ್ನ ಬಾಯಿ ತಾನೇ ಏಕೆ ತೆರೆದುಕೊಳ್ಳುತ್ತದೆಂಬ ವಿಚಾರದಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ. ನನಗೆ ಇದು ಬಹಳ ಸಮಾಧಾನದ ಸಂಗತಿ.

ಬೇಸರಕ್ಕೂ ನಿದ್ದೆಗೂ ಮಾತ್ರ ಆಕಳಿಕೆಯನ್ನು ಗಂಟುಹಾಕುವುದು ಅನ್ಯಾಯವೆಂಬುದಂತೂ ಖಚಿತ. ವಿಮಾನದಿಂದ ಧುಮುಕಲು ಸಾಲುಗಟ್ಟಿ ನಿಂತ ಸೈನಿಕರು ಆಕಳಿಸುತ್ತಾರೆ. ಒಲಿಂಪಿಕ್ ಹಿಮಜಾರಾಟಗಾರ ಅಪೋಲೋ ಓನೋ ಪ್ರತಿ ಓಟಕ್ಕೂ ಮುನ್ನ ಬಾಯ್ತುಂಬ ಆಕಳಿಸಿಯೇ ಕಣಕ್ಕಿಳಿಯುತ್ತಿದ್ದರು. ಆದರೆ ಪಾಪ, ಎಲ್ಲ ಕ್ರೀಡಾಪಟುಗಳಿಗೂ ಆ ರಿಯಾಯಿತಿ ದೊರೆಯುವುದಿಲ್ಲ. 2019ರ ಜೂನ್ 16ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ನಡೆದ ವಿಶ್ವಕಪ್ ಪಂದ್ಯ ನಿಮಗೆ ನೆನಪಿರಬೇಕು. ನಮ್ಮ ಕೆ. ಎಲ್. ರಾಹುಲ್ ರೋಹಿತ್ ಶರ್ಮರ ಜೊತೆ ಇನಿಂಗ್ಸ್ ಆರಂಭಿಸಿ 57 ರನ್ ಹೊಡೆದದ್ದು, ರೋಹಿತ್ 140 ಹೊಡೆದದ್ದು, ಭಾರತ 336ಕ್ಕೆ ಮುಟ್ಟಿದ್ದು ಎಲ್ಲವೂ ದಾಖಲೆಯಲ್ಲಿದೆ. ಆದರೆ ಲೋಕವೆಲ್ಲ ಮೊಬೈಲಿನಿಂದ ಮೊಬೈಲಿಗೆ ಹಂಚಿಕೊಂಡದ್ದು ವಿಕೆಟ್ಟಿನ ಹಿಂದೆ ನಿಂತ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹಮದರ ಒಂದು ಆಕಳಿಕೆಯನ್ನು. ಇಂಗ್ಲೆಂಡಿನ ಮೋಡ ಕವಿದ, ಮಳೆ ತೊಟ್ಟಿಕ್ಕುವ ಭಾನುವಾರವನ್ನು ಬಲ್ಲ ನಮ್ಮಂಥವರಾದರೂ ಅವರ ಪರ ವಹಿಸಬೇಕಿತ್ತು. ಆಕಳಿಸುವುದು ಸಹಜವೆಂದು ಅವರು ಆಮೇಲೆ ಹೇಳಿಕೊಂಡದ್ದಕ್ಕೆ ವೈದ್ಯೆಯಾಗಿ ನನ್ನ ಪೂರ್ಣ ಸಹಮತವಿದೆ.

ಇನ್ನು ಪ್ರಾಣಿಲೋಕ. ಬೆನ್ನೆಲುಬುಳ್ಳ ಜೀವಿಗಳಲ್ಲಿ ಆಕಳಿಕೆ ಎಷ್ಟು ವ್ಯಾಪಕವೆಂದರೆ, ನಾಯಿ, ಕುದುರೆ, ಮನುಷ್ಯ ಆಕಳಿಸುವುದನ್ನು ಕಂಡಾಗ ಎಲ್ಲ ಪ್ರಾಣಿಗಳೂ ಒಂದೇ ವಿನ್ಯಾಸದ ಮೇಲೆ ಕಟ್ಟಲ್ಪಟ್ಟಿವೆ ಎನ್ನಿಸುತ್ತದೆಂದು ಚಾರ್ಲ್ಸ್ ಡಾರ್ವಿನ್ ತಮ್ಮ ಟಿಪ್ಪಣಿ ಪುಸ್ತಕದಲ್ಲಿ 1838ರಷ್ಟು ಹಿಂದೆಯೇ ಗುರುತು ಹಾಕಿಕೊಂಡಿದ್ದರು. ‘ಜೀವಜಾತಿಗಳ ಉಗಮ’ ಅಚ್ಚಾಗಲು ಆಗಿನ್ನೂ ಇಪ್ಪತ್ತೊಂದು ವರ್ಷ ಬಾಕಿಯಿತ್ತು. ಆದರೆ ಬಾಯಿ ತೆರೆದದ್ದೆಲ್ಲ ಆಕಳಿಕೆಯಲ್ಲ. ಮೈಸೂರು ಮೃಗಾಲಯದ ನೀರ್ಗುದುರೆ ಬಾಯಿಯನ್ನು ಬಾವಿಯಂತೆ ತೆರೆದಾಗ, “ಅಯ್ಯೋ ಪಾಪ, ನಿದ್ದೆ ಬಂದಿದೆ” ಎಂದು ಮಕ್ಕಳಿಗೆ ಹೇಳುತ್ತೇವೆ. ವಾಸ್ತವದಲ್ಲಿ ಅದು ಹೆಚ್ಚಾಗಿ ತನ್ನ ಕೋರೆಹಲ್ಲುಗಳನ್ನು ತೋರಿಸಿ ಹೆದರಿಸುತ್ತಿರುತ್ತದೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯಾದರೋ ಬಿಸಿಲಿನಲ್ಲಿ ತಲೆಯ ಶಾಖವನ್ನು ಹೊರಹಾಕುತ್ತಿರುತ್ತದೆ. ದೋಣಿಯಲ್ಲಿ ಕುಳಿತು ಫೋಟೋ ತೆಗೆಯುವ ನಮ್ಮನ್ನು ನೋಡಿ ಅದಕ್ಕೆ ಬೇಸರ ಬಂದಿದೆಯೆಂದು ಭಾವಿಸುವುದು ನಮ್ಮ ಅಹಂಕಾರ.

ಗ್ಯಾಲಪ್ ಮತ್ತು ಸಂಗಡಿಗರು 2016ರಲ್ಲಿ ಹಲವು ಪ್ರಾಣಿಗಳ ಆಕಳಿಕೆಯ ವಿಡಿಯೋಗಳನ್ನು ಕಲೆಹಾಕಿ ಗಡಿಯಾರ ಹಿಡಿದು ಅಳೆದರು. ಇಲಿಯದು ಒಂದೂವರೆ ಸೆಕೆಂಡಿನಷ್ಟು, ಮನುಷ್ಯನದು ಆರೂವರೆ ಸೆಕೆಂಡಿನಷ್ಟು. ದೇಹ ದೊಡ್ಡದಿದ್ದರೆ ಆಕಳಿಕೆಯೂ ದೀರ್ಘ ಎಂದುಕೊಳ್ಳಬೇಡಿ. ಗೊರಿಲ್ಲ, ಒಂಟೆ, ಕುದುರೆ, ಸಿಂಹ, ಕೊನೆಗೆ ಆಫ್ರಿಕದ ಆನೆಯ ಆಕಳಿಕೆಯೂ ಸರಾಸರಿಯಲ್ಲಿ ನಮ್ಮದಕ್ಕಿಂತ ಚಿಕ್ಕದು. ಮಿದುಳಿನ ತೂಕ, ಅದರ ಹೊರಪದರದಲ್ಲಿರುವ ನರಕೋಶಗಳ ಸಂಖ್ಯೆ, ಇವುಗಳಿಗೂ ಆಕಳಿಕೆಯ ಅವಧಿಗೂ ತಾಳೆಯಿದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದ್ದರಿಂದ ಮನೆಯಲ್ಲಿ ಯಾರಾದರೂ ರಾಗಾಲಾಪನೆಯಂತೆ ದೀರ್ಘವಾಗಿ ಆಕಳಿಸಿದರೆ ಗದರಬೇಡಿ, ವಿದ್ವತ್ತಿನ ಲಕ್ಷಣವಿರಬಹುದು!

ಆಕಳಿಕೆಯ ಅಂಟುಗುಣವಂತೂ ಜಾತಿಯಿಂದ ಜಾತಿಗೆ ದಾಟುತ್ತದೆ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಸಂಶೋಧಕರು 2008ರಲ್ಲಿ 29 ನಾಯಿಗಳ ಎದುರು ಒಬ್ಬ ಮನುಷ್ಯನನ್ನು ಕೂರಿಸಿ ಆಕಳಿಸಿ ತೋರಿಸಿದಾಗ 21 ನಾಯಿಗಳು ತಾವೂ ಆಕಳಿಸಿದವು. ಚಿಂಪಾಂಜಿಗಳಿಗೂ ಇದು ಅಂಟುತ್ತದೆ, ಪಂಜರದ ಪುಟ್ಟ ಬಡ್ಜೆರಿಗಾರ್ ಗಿಳಿಗಳಿಗೂ ಅಂಟುತ್ತದೆ. ಆಮೆಗಳಿಗೆ ಅಂಟುವುದಿಲ್ಲ. ಇದು ಹೇಗೆ ಗೊತ್ತಾಯಿತೆಂದರೆ, ಆನಾ ವಿಲ್ಕಿನ್ಸನ್ ಮತ್ತು ಸಂಗಡಿಗರು ಅಲೆಕ್ಸಾಂಡ್ರಾ ಎಂಬ ಕೆಂಪುಕಾಲಿನ ಆಮೆಗೆ ಆರು ತಿಂಗಳು ಪಾಠ ಹೇಳಿ, ಹೇಳಿದಾಗ ಬಾಯಿ ತೆರೆಯುವುದನ್ನು ಕಲಿಸಿದರು. ಬಳಿಕ ಬಂಧುಮಿತ್ರ ಆಮೆಗಳನ್ನು ಎದುರು ಕೂರಿಸಿದರು. ಅಲೆಕ್ಸಾಂಡ್ರಾ ಶ್ರದ್ಧೆಯಿಂದ ಬಾಯಿ ತೆರೆದಳು. ಉಳಿದ ಆಮೆಗಳು ಕ್ಯಾರೇ ಎನ್ನಲಿಲ್ಲ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದೇ ಮೀಸಲಾದ ಇಗ್ ನೊಬೆಲ್ ಪ್ರಶಸ್ತಿ ಈ ಸಾಹಸಕ್ಕೆ 2011ರಲ್ಲಿ ಸಂದಿತು. ಕಾರ್ಯಕ್ರಮಕ್ಕೆ ಸ್ವಯಂಸೇವಕರು ಬೇಕೆಂದು ವಾಟ್ಸಾಪ್ ಗುಂಪಿನಲ್ಲಿ ಮೂರು ಸಲ ಸಂದೇಶ ಹಾಕಿ ಕಾಯುವಾಗಲೆಲ್ಲ ನನಗೆ ಅಲೆಕ್ಸಾಂಡ್ರಾಳ ನೆನಪಾಗುತ್ತದೆ.

ಶರೀರದ ಇಂಥ ಸಹಜ ಕ್ರಿಯೆಗೆ ನಾವು ಮಾತ್ರ ನಾಚುತ್ತೇವೆ. ಚರಕಸಂಹಿತೆ ತಡೆಯಬಾರದ 13 ವೇಗಗಳನ್ನು ಪಟ್ಟಿಮಾಡುತ್ತದೆ. ಹಸಿವು, ನೀರಡಿಕೆ, ಕಣ್ಣೀರು, ನಿದ್ದೆಗಳ ಜೊತೆಗೆ ಆಕಳಿಕೆಯೂ ಅಲ್ಲಿದೆ. ಆಕಳಿಕೆಯನ್ನು ತಡೆದರೆ ಮೈ ಬಾಗುವುದು, ಜೋಮು, ನಡುಕ ಮುಂತಾದ ತೊಂದರೆಗಳು ಬರುತ್ತವೆಂದು ಅದು ಎಚ್ಚರಿಸುತ್ತದೆ. ಇಂದಿನ ವೈದ್ಯ ಅಷ್ಟೆಲ್ಲ ಹೇಳುವುದಿಲ್ಲ, ಆದರೆ ತಡೆಯಬೇಡಿ ಎನ್ನುವುದಕ್ಕೆ ಅವನ ಅಡ್ಡಿಯೂ ಇಲ್ಲ. ನಮ್ಮ ಅಜ್ಜಿಯರು ತಡೆಯುತ್ತಲೂ ಇರಲಿಲ್ಲ. ಬಾಯಿಯ ಮುಂದೆ ಟಕ್ ಟಕ್ ಎಂದು ಚಿಟಿಕೆ ಹೊಡೆದು, “ಶಿವ ಶಿವಾ” ಎಂದೋ “ಕೃಷ್ಣಾ” ಎಂದೋ ಉಸಿರುಬಿಡುತ್ತಿದ್ದರು. ಯೂರೋಪಿನ ಕ್ರೈಸ್ತರಲ್ಲಿ ತೆರೆದ ಬಾಯಿಯ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಮಾಡಿಕೊಳ್ಳುವ ಪದ್ಧತಿಯಿತ್ತು. ಮುಸ್ಲಿಂ ಸಂಪ್ರದಾಯವೂ ಬಾಯಿಗೆ ಕೈ ಅಡ್ಡ ಹಿಡಿಯಲು ಹೇಳುತ್ತದೆ. ಬಾಗಿಲು ತೆರೆದಾಗ ಬೇಡದವರು ಒಳನುಗ್ಗಬಾರದೆಂಬ ಅಂಜಿಕೆ ಎಲ್ಲ ಕಡೆಯೂ ಒಂದೇ ರೀತಿಯದು. ಈ ದೇಶದಲ್ಲಂತೂ ರೋಗಿಗಳು ನನ್ನೆದುರು ಆಕಳಿಸಿ ತಕ್ಷಣ ಕ್ಷಮೆ ಕೇಳುತ್ತಾರೆ. ಕಫ, ಮಲ, ಮೂತ್ರಗಳ ಸವಿವರ ವರ್ಣನೆಗೆ ಕೇಳದ ಕ್ಷಮೆಯನ್ನು ಈ ನಿರುಪದ್ರವಿ ಆಕಳಿಕೆಗೆ ಕೇಳುತ್ತಾರೆ.

ನಿರುಪದ್ರವಿ ಎಂದೆ, ಆದರೆ ವೈದ್ಯೆಯಾಗಿ ಒಂದೆರಡು ಅಪವಾದಗಳನ್ನು ಹೇಳಲೇಬೇಕು. ನಾನು ಕರ್ನಾಟಕದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಹೌಸ್‌ಸರ್ಜನ್ ಆಗಿದ್ದಾಗ, ನಡುರಾತ್ರಿ ಒಬ್ಬ ಬಸ್ ಕಂಡಕ್ಟರನನ್ನು ಕರೆತಂದರು. ಕೊನೆಯ ಟ್ರಿಪ್ ಮುಗಿಸಿ ಬಸ್ಸಿನಲ್ಲೇ ಮೈಮುರಿದು ಆಕಳಿಸಿದ್ದನಂತೆ. ತೆರೆದ ಬಾಯಿ ಮತ್ತೆ ಮುಚ್ಚಿರಲಿಲ್ಲ. ದವಡೆಯ ಕೀಲು ಜಾರಿತ್ತು. ಮಾತಾಡಲಾಗದೆ, ಜೊಲ್ಲು ಸುರಿಸುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ. ಗಾಳಿ ಸೋಕಿದೆ ಎಂದು ಜೊತೆಗೆ ಬಂದವರು ಪಿಸುಗುಟ್ಟುತ್ತಿದ್ದರು. ನಮ್ಮ ಹಿರಿಯ ವೈದ್ಯರು ಹೆಬ್ಬೆರಳುಗಳಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡು, ಅವನ ಕೆಳದವಡೆಯ ಹಿಂದಿನ ಹಲ್ಲುಗಳ ಮೇಲಿಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದರು. ಟಪ್ಪೆಂದು ಬಾಯಿ ಮುಚ್ಚಿತು. ಅವನು ಆಡಿದ ಮೊದಲ ಮಾತು, “ಸಾರ್, ಇನ್ನು ಜನ್ಮದಲ್ಲಿ ಆಕಳಿಸಲ್ಲ.” ಆ ಪ್ರತಿಜ್ಞೆ ಬೆಳಗಿನವರೆಗೂ ಉಳಿದಿರಲಾರದು.

ಎರಡನೆಯದು ಹೆಚ್ಚು ಮುಖ್ಯವಾದುದು. ರಾತ್ರಿ ಜೋರು ಗೊರಕೆ, ಹಗಲೆಲ್ಲ ಬಿಡದ ಆಕಳಿಕೆ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು, ವೈದ್ಯರಿಗೆ ತಿಳಿಸಿ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳಿಂದಲೂ ಆಕಳಿಕೆ ಹೆಚ್ಚುವುದುಂಟು. ತಾವಾಗಿಯೇ ಮಾತ್ರೆ ನಿಲ್ಲಿಸದೆ, ಕೊಟ್ಟವರನ್ನು ಕೇಳಿ. ನಮ್ಮ ಕಾರ್ಯಕ್ರಮಗಳನ್ನು ಮುಗಿಸಿಕೊಂಡು ನಡುರಾತ್ರಿ ಮೋಟಾರುಮಾರ್ಗದಲ್ಲಿ ಮನೆಗೆ ಮರಳುವಾಗ ಚಾಲಕರು ಮೇಲಿಂದ ಮೇಲೆ ಆಕಳಿಸತೊಡಗಿದರೆ, ಅದು ಕಾರು ನಿಲ್ಲಿಸಿ ವಿಶ್ರಮಿಸಲು ಮಿದುಳು ಕೊಡುತ್ತಿರುವ ಸೂಚನೆ. ಹಾಡು ಜೋರು ಮಾಡುವುದು ಅದಕ್ಕೆ ಮದ್ದಲ್ಲ. ಉಳಿದಂತೆ ವಿಮಾನಯಾನದಲ್ಲಿ ಆಕಳಿಕೆಯೇ ಮದ್ದು. ಬೆಂಗಳೂರಿಗೆ ಇಳಿಯುವಾಗ ಕಿವಿ ಗುಂಯ್ ಎಂದು ಮುಚ್ಚಿಕೊಂಡರೆ ಒಮ್ಮೆ ಬಾಯ್ತುಂಬ ಆಕಳಿಸಿ. ಗಂಟಲಿಗೂ ಕಿವಿಗೂ ನಡುವಿನ ನಾಳ ತೆರೆದು ಒತ್ತಡ ಸಮವಾಗುತ್ತದೆ, ಊರಿನ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ.

ಇಲ್ಲಿಯವರೆಗೆ ನಗುನಗುತ್ತಾ ಬರೆದೆ. ಆದರೆ ಆಕಳಿಕೆಯ ಬಗ್ಗೆ ನಾನು ಇಷ್ಟೆಲ್ಲ ಓದಿದ್ದಕ್ಕೆ ಬೇರೊಂದು ಕಾರಣವಿದೆ. ಹಾಸನದಲ್ಲಿರುವ ನನ್ನ ತಂದೆಗೆ ಕಳೆದ ವರ್ಷದ ಮಳೆಗಾಲದಲ್ಲಿ ಪಾರ್ಶ್ವವಾಯು ಆಯಿತು. ಮಿದುಳಿನ ಬಲಭಾಗಕ್ಕೆ ಪೆಟ್ಟು, ಎಡಗೈ ಎಡಗಾಲು ನಿಶ್ಶಕ್ತ. ಮಾತು ಮಾತ್ರ ಉಳಿಯಿತು; ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರಿಗೆ ಅದೇ ದೊಡ್ಡ ಆಸ್ತಿ. ನಾನು ಮೂರು ವಾರ ಅವರ ಬಳಿ ಇದ್ದು, ರಜೆ ಮುಗಿದು ಇಲ್ಲಿಗೆ ಮರಳಿದ್ದೆ. ಎರಡು ತಿಂಗಳು ಕಳೆದಿರಬಹುದು, ಒಂದು ಬೆಳಗಿನ ಜಾವ ಅಮ್ಮನ ವಿಡಿಯೋ ಕರೆ ಬಂತು. ಅವರ ದನಿ ನಡುಗುತ್ತಿತ್ತು.

“ಏನೇ ಪುಟ್ಟೀ, ಕೈ ಎತ್ತಿದ್ರು ಕಣೇ ನಿಮ್ಮಪ್ಪ! ಎಡಗೈ! ಕಣ್ಣಾರೆ ನೋಡ್ದೆ. ಹಾಸನಾಂಬೆಗೆ ಹರಕೆ ಹೊತ್ಕೊಂಡಿದ್ದೆ, ತಾಯಿ ಕೈಬಿಡ್ಲಿಲ್ಲ.”

“ಎತ್ತಿದಾಗ ಏನು ಮಾಡ್ತಿದ್ರಮ್ಮ?”

“ಏನಿಲ್ಲ, ಆಗ ತಾನೇ ಎದ್ದು ಆಕಳಿಸ್ತಿದ್ರು.”

ಆ ಉತ್ತರ ಕೇಳಿ ನನ್ನ ಮನಸ್ಸು ಕುಸಿಯಿತು. ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ಆಕಳಿಸುವಾಗ ನಿಶ್ಚಲವಾದ ತೋಳು ತಾನಾಗಿಯೇ ಮೇಲೇಳುತ್ತದೆ. ಆಕಳಿಕೆ ಮುಗಿದೊಡನೆ ಕೆಳಕ್ಕೆ ಬೀಳುತ್ತದೆ. ಲಂಡನ್ನಿನ ನರವೈದ್ಯ ಫ್ರಾನ್ಸಿಸ್ ವಾಲ್ಶ್ 1923ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ನನ್ನಂತೆಯೇ ಸಾಮಾನ್ಯ ವೈದ್ಯರಾದ ಫ್ರಾನ್ಸಿನ ಒಲಿವಿಯೇ ವಾಲುಸಿನ್ಸ್ಕಿ 2005ರಲ್ಲಿ ಇದಕ್ಕೊಂದು ಉದ್ದನೆಯ ಲ್ಯಾಟಿನ್ ಹೆಸರನ್ನೂ ಇಟ್ಟರು. ನಾವು ಬೇಕೆಂದು ಕೈ ಎತ್ತಿದಾಗ ಆಜ್ಞೆ ಹೊರಡುವುದು ಮಿದುಳಿನ ಹೊರಪದರದಿಂದ. ಅಪ್ಪನಿಗೆ ಕಡಿದುಹೋದದ್ದು ಆ ದಾರಿ. ಆಕಳಿಕೆ ಹುಟ್ಟುವುದು ಅದಕ್ಕಿಂತ ಬಹಳ ಕೆಳಗೆ, ಮಿದುಳಕಾಂಡದ ಸುತ್ತಮುತ್ತಲಿನ, ಮೀನು ಹಾವುಗಳ ಜೊತೆಗೂ ನಾವು ಹಂಚಿಕೊಂಡಿರುವ ಪುರಾತನ ಭಾಗದಲ್ಲಿ. ಆಳುವವನ ಹಿಡಿತ ತಪ್ಪಿದಾಗ ಆ ಹಳೆಯ ದಾರಿಯಲ್ಲಿ ಸಂದೇಶ ಹರಿದು ತೋಳನ್ನು ಎತ್ತುತ್ತದೆ. ಅದು ಚೇತರಿಕೆಯ ಲಕ್ಷಣವಲ್ಲ.

ಐದು ಸಾವಿರ ಮೈಲಿ ದೂರದಲ್ಲಿ ಕುಳಿತು ಇದನ್ನು ಅಮ್ಮನಿಗೆ ಹೇಳುವುದೋ ಬೇಡವೋ? ಮಗಳಾಗಿ ಸುಮ್ಮನಿರುವುದು ಸುಲಭವಿತ್ತು. ಆದರೆ ಸುಮ್ಮನಿದ್ದರೆ ಆಕೆ ದಿನವೂ ಆ ಕೈಯನ್ನು ಕಾಯುತ್ತಾರೆ, ಅದು ಹೇಳಿದಂತೆ ಕೇಳದಿದ್ದಾಗ ಅಪ್ಪ ಮನಸ್ಸು ಮಾಡುತ್ತಿಲ್ಲವೆಂದು ಅವರ ಮೇಲೆ ರೇಗುತ್ತಾರೆ, ಅಪ್ಪ ಕುಗ್ಗುತ್ತಾರೆ. ಹೇಳಿದೆ. ಪಾಠ ಮಾಡದೆ, ನಿಧಾನವಾಗಿ, ಎರಡೂ ದಾರಿಗಳ ವಿಷಯ ಹೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರೆ ದೊಡ್ಡ ದಾರಿ ಮುಚ್ಚಿದೆ, ಕಾಲುದಾರಿ ಇದೆ ಅಂತ ತಾನೇ ನೀನು ಹೇಳೋದು?” ಎಂದು ಕೇಳಿದರು. ನರವಿಜ್ಞಾನದ ಗ್ರಂಥಗಳಲ್ಲಿ ನಾನು ಓದಿದ್ದಕ್ಕಿಂತ ಚೊಕ್ಕವಾಗಿತ್ತು ಅದು. “ಹೂಂ ಅಮ್ಮ, ಅಷ್ಟೇ. ಕಾಲುದಾರಿಯಲ್ಲಿ ಗಾಡಿ ಹೋಗಲ್ಲ” ಎಂದೆ.

ಹಿಂದಿನಿಂದ ಅಪ್ಪನ ದನಿ ಕೇಳಿಸಿತು. “ನಾನು ಹೇಳಿದ್ರೆ ಕೇಳಲ್ಲ, ಆಕಳಿಕೆ ಹೇಳಿದ್ರೆ ಕೇಳುತ್ತೆ. ಮೂವತ್ತೈದು ವರ್ಷ ಇಂಥ ಹುಡುಗರನ್ನೇ ತಾನೇ ನಾನು ನೋಡಿದ್ದು?” ಮೂವರೂ ನಕ್ಕೆವು. ಪಾರ್ಶ್ವವಾಯುವಾದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಈಗ ಅಪ್ಪ ಕೋಲೂರಿಕೊಂಡು ಅಂಗಳದವರೆಗೆ ನಡೆಯುತ್ತಾರೆ. ಕಾಲು ಅಷ್ಟಿಷ್ಟು ಸುಧಾರಿಸಿದೆ, ಫಿಸಿಯೋಥೆರಪಿ ತಪ್ಪಿಸುವುದಿಲ್ಲ. ಎಡಗೈ ಹಾಗೆಯೇ ಇದೆ. ಬೆಳಿಗ್ಗೆ ಎದ್ದು ಆಕಳಿಸುವಾಗ ಮಾತ್ರ ಅದು ಮೆಲ್ಲನೆ ಎದೆಯ ಮಟ್ಟಕ್ಕೆ ಏರುತ್ತದೆ. ಮೊದಲೆಲ್ಲ ಆಕಳಿಕೆ ಮುಗಿದಾಗ ಮಂಚದ ಪಟ್ಟಿಗೆ ಬಡಿದು ನೋವಾಗುತ್ತಿತ್ತು. ಈಗ ಆ ಹೊತ್ತಿಗೆ ಅಮ್ಮ ಪಕ್ಕದಲ್ಲೇ ಇರುತ್ತಾರೆ. ಕೈ ಮೇಲೇರಿ ಕೆಳಗೆ ಬೀಳುವ ಮೊದಲು ಅದನ್ನು ಹಿಡಿದುಕೊಳ್ಳುತ್ತಾರೆ. ಹರಕೆಯನ್ನೂ ತೀರಿಸಿ ಬಂದರು. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಸರದಿಯಲ್ಲಿ ಗಂಟೆಗಟ್ಟಲೆ ನಿಂತಿದ್ದರಂತೆ. “ಕೈ ಎತ್ತಿದ್ದು ಯಾರಾದರೇನು, ಎತ್ತಿತಲ್ಲ” ಎಂಬುದು ಅವರ ಸಮಾಧಾನ. ಅದಕ್ಕೆ ನನ್ನ ವೈದ್ಯಶಾಸ್ತ್ರದಲ್ಲಿ ಆಕ್ಷೇಪಣೆಯಿಲ್ಲ.

ಕೊನೆಯದಾಗಿ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಆಕಳಿಕೆ ಎಲ್ಲರಿಗೂ ಸಮನಾಗಿ ಅಂಟುವುದಿಲ್ಲ. ಇಟಲಿಯ ಇವಾನ್ ನೋರ್ಷಿಯ ಮತ್ತು ಎಲಿಸಬೆಟ್ಟಾ ಪಲಾಜಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಅತಿ ಹೆಚ್ಚಾಗಿ ಹರಡುವುದು ರಕ್ತಸಂಬಂಧಿಗಳ ನಡುವೆ. ಆಮೇಲೆ ಗೆಳೆಯರು, ಆಮೇಲೆ ಪರಿಚಿತರು, ಕೊಟ್ಟಕೊನೆಗೆ ಅಪರಿಚಿತರು. ತೀರ ಎಳೆಯ ಮಕ್ಕಳಿಗೆ ಅಷ್ಟಾಗಿ ಅಂಟುವುದಿಲ್ಲ. ನಾಲ್ಕೈದು ವರ್ಷದ ಹೊತ್ತಿಗೆ, ಇನ್ನೊಬ್ಬರ ಮನಸ್ಸು ಅರ್ಥವಾಗತೊಡಗಿದಂತೆ, ಇದೂ ಶುರುವಾಗುತ್ತದೆ.

ಭಾರತದಲ್ಲಿ ರಾತ್ರಿ ಒಂಬತ್ತೂವರೆ ಆದಾಗ ಬೇಸಿಗೆಯ ಇಂಗ್ಲೆಂಡಿನಲ್ಲಿ ಇನ್ನೂ ಸಂಜೆ ಐದು. ಕ್ಲಿನಿಕ್ ಮುಗಿಸಿ, ಒಂದು ಲೋಟ ಕಾಫಿ ಹಿಡಿದು ಊರಿಗೆ ಕರೆ ಮಾಡುತ್ತೇನೆ. ಹವಾಮಾನ, ಮಾತ್ರೆ, ಪಕ್ಕದ ಮನೆಯವರ ಮದುವೆ, ಎಲ್ಲ ಮುಗಿಯುವ ಹೊತ್ತಿಗೆ ಅಮ್ಮ ಪರದೆಯ ಮೇಲೆ ಆಕಳಿಸುತ್ತಾರೆ. ಕಿಟಕಿಯ ಹೊರಗೆ ಬಿಸಿಲು ಢಾಳಾಗಿರುತ್ತದೆ, ನನಗೆ ನಿದ್ದೆಯ ಸುಳಿವೂ ಇರುವುದಿಲ್ಲ. ಆದರೂ ನನ್ನ ಬಾಯಿ ತೆರೆದುಕೊಳ್ಳುತ್ತದೆ. ಪಕ್ಕದಲ್ಲಿ ಕುಳಿತು ಮನೆಗೆಲಸದ ಲೆಕ್ಕ ಮಾಡುತ್ತಿರುವ ಮಗಳೂ ಪುಸ್ತಕದಿಂದ ತಲೆಯೆತ್ತದೆ ಆಕಳಿಸುತ್ತಾಳೆ. “ನಿಮ್ಗೂ ನಿದ್ದೆ ಬಂತೇನೋ, ಹೋಗಿ ಮಲಗಿ” ಎನ್ನುತ್ತಾರೆ ಅಮ್ಮ, ಇಲ್ಲಿ ಇನ್ನೂ ಸಂಜೆಯೆಂಬುದನ್ನು ಮರೆತು. ನಾವು ಅವರನ್ನು ತಿದ್ದುವುದಿಲ್ಲ.